ಬಾಲ್ಜರನ ನೂರನೆಯ ಘಾಟಿ

ಎಲ್ಲ ಅನಾಹುತಕ್ಕೂ ಹನ್ನೊಂದನೆಯ ಕಾಪುನ್ಸೇ ಕಾರಣ. ಹತ್ತಕ್ಕೆ ನಿಲ್ಲಿಸಿದ್ದರೆ ಬಾಲ್ಜರ್ ಶನಿವಾರ ಬೆಳಗ್ಗೆ ಮನುಷ್ಯನಂತೆ ಏಳುತ್ತಿದ್ದ. ಆದರೆ ಸೊಪ್ಪಿನ ಎಲೆಯಲ್ಲಿ ಹಿಟ್ಟನ್ನೂ ಒಣಮಾಂಸವನ್ನೂ ಸುತ್ತಿ, ಕೆನೆಹಾಲಿನಲ್ಲಿ ಬೇಯಿಸಿ, ಮೇಲೆ ಚೀಸ್ ತುರಿದು, ಹೆಂಡತಿ ಒಟ್ಟಿಲಿಯಾ ತಟ್ಟೆಗೆ ಜಾರಿಸುತ್ತ, "ನಾಳೆ ನೂರನೇದು. ಕಾಲಿಗೆ ಬಲ ಬೇಡ್ವಾ? ಇನ್ನೊಂದು ಹಾಕ್ಕೋ" ಎಂದಾಗ ಬೇಡವೆನ್ನುವ ಗಂಡಸು ಪ್ರಾಸುರಾ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಬಲ ಕಾಲಿಗೆ ಇಳಿಯಲಿಲ್ಲ. ಹೊಟ್ಟೆಯಲ್ಲೇ ಕುಳಿತು ಬೆಳಗಿನವರೆಗೂ ಪಂಚಾಯಿತಿ ನಡೆಸಿತು.

ಬಾಲ್ಜರನಿಗೆ ಐವತ್ತೇಳು. ಕಸುಬು ಚಿಮಣಿ ಗುಡಿಸುವುದು. ಚಿಮಣಿಯವನನ್ನು ಮುಟ್ಟಿದರೆ ಅದೃಷ್ಟ ಒಲಿಯುತ್ತದೆಂದು ಆ ಬೆಟ್ಟದ ಸೀಮೆಯವರೆಲ್ಲ ನಂಬುತ್ತಾರಾದ್ದರಿಂದ, ಪರೀಕ್ಷೆಗೆ ಹೋಗುವವರು, ಮದುವೆಗೆ ಹೊರಟವರು, ಹಸು ಮಾರುವವರು ಎಲ್ಲರೂ ಅವನ ತೋಳನ್ನು ಸವರಿಯೇ ಮುಂದೆ ಹೋಗುತ್ತಿದ್ದರು. ಮೂವತ್ತು ವರ್ಷ ಹೀಗೆ ಊರಿಗೆಲ್ಲ ಹಂಚಿ ಹಂಚಿ ತನ್ನ ಪಾಲಿಗೇನೂ ಉಳಿದಿಲ್ಲವೇನೋ ಎಂಬ ಅನುಮಾನ ಅವನಿಗಿತ್ತು. ಆದರೆ ಭಾನುವಾರ ಬಂತೆಂದರೆ ಮಸಿ ತೊಳೆದುಕೊಂಡು ಸೈಕಲ್ ಹತ್ತಿ ಕಣಿವೆ ಕಣಿವೆ ಸುತ್ತುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ತೊಂಬತ್ತೊಂಬತ್ತು ಘಾಟಿ. ಮನೆಯಂಗಳದಿಂದ ಕಾಣುವ ಲುಫ್ ಘಾಟಿಯೊಂದನ್ನು ಮಾತ್ರ ನೂರನೆಯದಕ್ಕೆಂದೇ ಎತ್ತಿಟ್ಟಿದ್ದ, ಮಕ್ಕಳು ಸಿಹಿಯನ್ನು ತಟ್ಟೆಯ ಅಂಚಿಗೆ ಸರಿಸಿಡುವ ಹಾಗೆ.

ನೂರು ಪೂರೈಸಿದವನ ಹೆಸರನ್ನು ಪ್ರಾಸುರಾ ಸೈಕಲ್ ಸಂಘದವರು ಒಂದು ಗಂಟೆಯ ಮೇಲೆ ಕೆತ್ತಿಸುತ್ತಾರೆ. ಲುಫ್ ಘಾಟಿಯ ನೆತ್ತಿಯ ಹೋಟೆಲಿನಲ್ಲಿ ತೂಗುವ ಆ ಕಂಚಿನ ದನದ ಗಂಟೆ ಒಂದು ಎಳೆಗರುವಿನಷ್ಟು ದಪ್ಪ. ಅರವತ್ತು ವರ್ಷದಲ್ಲಿ ಅದರ ಮೇಲೆ ಏರಿದ್ದು ಮೂರೇ ಹೆಸರು. ನಿಯಮವೂ ಸಣ್ಣದೇ. ಪ್ರತಿ ಘಾಟಿಯ ನೆತ್ತಿಯಲ್ಲಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕು. ತನ್ನ ಕಾಲಿನ ಹೊರತು ಬೇರಾವುದೇ ಶಕ್ತಿಯಿಂದ ಒಂದಡಿ ಮೇಲೇರಿದರೂ ಆ ಘಾಟಿಯೊಂದೇ ಅಲ್ಲ, ಹಿಂದಿನವೆಲ್ಲವೂ ರದ್ದು. ನಾಲ್ಕನೆಯ ಹೆಸರು ಇಂದು ಮಧ್ಯಾಹ್ನ ಮೂರು ಗಂಟೆಗೆ ಏರುವುದೆಂದು ಊರಿಗೆಲ್ಲ ಡಂಗುರವಾಗಿತ್ತು. ಡಂಗುರ ಸಾರಿದವಳು ಒಟ್ಟಿಲಿಯಾ.

ಬೆಳಗ್ಗೆ ಆರು ಗಂಟೆಗೆ ಬಾಲ್ಜರ್ ಹಾಸಿಗೆಯಿಂದ ಏಳಲು ಒಂದು ಪ್ರಯತ್ನ, ನಿಲ್ಲಲು ಒಂದು ಪ್ರಯತ್ನ ಮಾಡಿದ. ಎರಡನೆಯದು ಅಷ್ಟು ಚೆನ್ನಾಗಿ ಆಗಲಿಲ್ಲ. ಹಿತ್ತಲಿಗೆ ಹೋಗಿ ಹೆಂಡತಿಯ ತಮ್ಮ ಲಿನಾರ್ಡನಿಗೆ ಫೋನ್ ಮಾಡಿದ. ಘಾಟಿಯ ಮೇಲೆ ಹೋಗುವ ಹಳದಿ ಅಂಚೆ ಬಸ್ಸನ್ನು ಓಡಿಸುವವನು ಅವನೇ.

"ಭಾವ! ನೀನಾ ಇದನ್ನ ಕೇಳ್ತಿರೋದು?"

"ಮೆಲ್ಲಗೆ ಮಾತಾಡೋ. ನಿಮ್ಮಕ್ಕ ಗೋಡೆಗೂ ಕಿವಿ ಅಂಟಿಸಿರ್ತಾಳೆ. ತೊಂಬತ್ತೊಂಬತ್ತು ಸಲ ನಿಯತ್ತಾಗೇ ಹತ್ತಿದೀನಿ. ಇವತ್ತೊಂದು ದಿನ ಹೊಟ್ಟೆ ಕೈಕೊಟ್ಟಿದೆ."

ಲಿನಾರ್ಡ್ ಒಳ್ಳೆಯ ಮನುಷ್ಯ. ಒಳ್ಳೆಯವರಿಂದ ಬರುವ ಅಪಾಯವೆಲ್ಲ ಅವನಿಂದಲೂ ಬರುತ್ತಿತ್ತು. "ಆಯ್ತು ಬಿಡು. ಮೊದಲನೇ ಬಸ್ಸು ಖಾಲಿ ಹೋಗುತ್ತೆ. ಸೈಕಲ್ನ ಹಿಂದೆ ಕಟ್ಟು. ಮೇಲಿಂದ ಎರಡನೇ ತಿರುವಲ್ಲಿ ಸುರಂಗ ಇದೆಯಲ್ಲ, ಅದರೊಳಗೆ ಇಳಿಸ್ತೀನಿ. ಅಲ್ಲಿಂದ ಬೆವರಿಳಿಸ್ಕೊಂಡು ಹೋಗು."

"ಬೆವರು ಎಲ್ಲಿಂದ ತರ್ಲಿ?"

"ಬಾಟಲಿ ನೀರು ತಲೆ ಮೇಲೆ ಸುರ್ಕೊಳ್ಳೋ ಮಾರಾಯ, ಅದನ್ನೂ ನಾನೇ ಹೇಳ್ಬೇಕಾ?"

ಒಂಬತ್ತೂಕಾಲಿಗೆ ಬಾಲ್ಜರ್ ಸೈಕಲ್ ತಳ್ಳಿಕೊಂಡು ಬಸ್ ನಿಲ್ದಾಣಕ್ಕೆ ಬಂದು ನೋಡುತ್ತಾನೆ: ಖಾಲಿ ಬಸ್ಸಿಗಾಗಿ ಮೂವತ್ತೆಂಟು ಜನ ಕಾಯುತ್ತಿದ್ದಾರೆ. ಕೈಯಲ್ಲಿ ಬುತ್ತಿ, ಕುತ್ತಿಗೆಯಲ್ಲಿ ದುರ್ಬೀನು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಬೇತ್ಲಾ ಅಜ್ಜಿ, ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು.

"ಬಂದ ನೋಡ್ರೋ ನಮ್ಮ ಶೂರ! ನಾವೆಲ್ಲ ಮೇಲೆ ಹೋಗಿ ಕಾಯ್ತಾ ಕೂತಿರ್ತೀವಿ ಕಣಪ್ಪ. ಎಲ್ಲಿ, ತೋಳು ಕೊಡು. ಸೋಮವಾರ ಮೊಣಕಾಲು ಆಪರೇಶನ್ ಇದೆ." ತೋಳನ್ನು ಗಟ್ಟಿಯಾಗಿ ಸವರಿದ ಮೇಲೆ ಅಜ್ಜಿಗೆ ಹೊಳೆಯಿತು. "ಅಲ್ಲಾ, ಸೈಕಲ್ನಲ್ಲಿ ಹತ್ತೋನು ಬಸ್ ಸ್ಟಾಪಿಗ್ಯಾಕೆ ಬಂದೆ?"

ಮೂವತ್ತೆಂಟು ಮುಖಗಳು ಅವನತ್ತ ತಿರುಗಿದವು.

"ನಿಮ್ಮನ್ನೆಲ್ಲ ಕಳಿಸ್ಕೊಟ್ಟು ಹೋಗೋಣ ಅಂತ" ಎಂದ ಬಾಲ್ಜರ್.

"ಎಂಥಾ ದೊಡ್ಡ ಮನಸ್ಸು!" ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಮನಸ್ಸಿನಷ್ಟೇ ದೊಡ್ಡದಾದ ಹೊಟ್ಟೆಯನ್ನು ಹೊತ್ತು ಅವನು ತುಳಿಯಲು ಶುರುಮಾಡಬೇಕಾಯಿತು. ಮೊದಲ ಏರಿನಲ್ಲೇ ಬಸ್ಸು ಮೂರು ಸ್ವರದ ಹಾರನ್ ಊದುತ್ತ ಅವನನ್ನು ದಾಟಿತು. ಕಿಟಕಿಗಳಿಂದ ಕೈಗಳು, ಟೋಪಿಗಳು, "ತುಳಿ, ಬಾಲ್ಜರ್, ತುಳಿ!" ಎಂಬ ಕೂಗು. ಕನ್ನಡಿಯಲ್ಲಿ ಲಿನಾರ್ಡನ ಮುಖ ಕಂಡಿತು. ಕ್ಷಮಿಸು ಭಾವ ಎನ್ನುವ ಹಾಗೆ ಹುಬ್ಬೆತ್ತಿ, ಬಾಟಲಿಯನ್ನು ತಲೆ ಮೇಲೆ ಸುರಿದುಕೊಳ್ಳುವ ಅಭಿನಯ ಮಾಡಿದ.

ಪ್ರಾಸುರಾದಿಂದ ನೆತ್ತಿಗೆ ಹದಿನಾರು ಕಿಲೋಮೀಟರ್, ಇಪ್ಪತ್ತೇಳು ಹೇರ್‌ಪಿನ್ ತಿರುವು, ಸಾವಿರದ ನೂರು ಮೀಟರ್ ಏರು. ತೊಂಬತ್ತೊಂದು ಕಿಲೋ ತೂಕವನ್ನು ಅಷ್ಟೆತ್ತರಕ್ಕೆ ಎತ್ತಲು ಎಷ್ಟು ಶಕ್ತಿ ಬೇಕೋ ಅಷ್ಟು ಬೇಕೇ ಬೇಕು. ಗುರುತ್ವಾಕರ್ಷಣೆ ಯಾರ ಸಂಭ್ರಮ ನೋಡಿಯೂ ರಿಯಾಯಿತಿ ಕೊಡುವುದಿಲ್ಲ. ಬಾಲ್ಜರ್ ಸ್ವಲ್ಪ ತುಳಿದ, ಸ್ವಲ್ಪ ತಳ್ಳಿದ, ಸ್ವಲ್ಪ ಹುಲ್ಲಿನ ಮೇಲೆ ಮಲಗಿದ. ಬ್ಯಾಟರಿ ಸೈಕಲ್ಲಿನಲ್ಲಿ ಬಂದ ಡಚ್ಚರ ಮುದುಕಿಯೊಬ್ಬಳು ಪಕ್ಕದಲ್ಲಿ ನಿಧಾನಿಸಿ, ತನ್ನ ಏಳು ಮೊಮ್ಮಕ್ಕಳ ಹೆಸರು ಹೇಳಿ, ಶುಂಠಿ ಬಿಸ್ಕತ್ತು ಬೇಕೇ ಎಂದು ಕೇಳಿ, ಅವನ ಮುಖದ ಬಣ್ಣ ನೋಡಿ, ಬೇಡ ಎಂದು ತಾನೇ ಉತ್ತರಿಸಿ, ಒಂದು ಕೈ ಬೀಸುತ್ತ ಮುಂದೆ ಹೋದಳು. ಐದು ಕಿಲೋಮೀಟರಿಗೆ ಎರಡು ಗಂಟೆಯ ಮೇಲಾಯಿತು.

ಅಲ್ಲೇ ಕಂಡಿತು ಹಗ್ಗದ ದಾರಿ.

ಬೆಟ್ಟದ ಮೇಲಿನ ದನದ ಹಟ್ಟಿಗೆ ಉಪ್ಪು, ಹಿಟ್ಟು ಕಳಿಸಲು, ಅಲ್ಲಿಂದ ಚೀಸ್ ಇಳಿಸಲು ಕಟ್ಟಿದ ಉಕ್ಕಿನ ಹಗ್ಗ. ಅದಕ್ಕೆ ನೇತುಬಿದ್ದ ಸ್ನಾನದ ತೊಟ್ಟಿಯಂಥ ಮರದ ಪೆಟ್ಟಿಗೆ. ಹಟ್ಟಿಯಿಂದ ನೆತ್ತಿಗೆ ಎರಡೇ ತಿರುವು. ಕೆಳಗಿನ ಶೆಡ್ಡಿನಲ್ಲಿ ಮೋಟರು ನಡೆಸುವ ಮೆಂಗಾ ಉಪ್ಪಿನ ಗಟ್ಟಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಅವಳ ತಲೆಯ ಮೇಲೆ ದೊಡ್ಡ ಫಲಕ: ಸಾಮಾನಿಗೆ ಮಾತ್ರ. ಮನುಷ್ಯರು ಹತ್ತಬಾರದು.

"ಮೆಂಗಾ, ನನ್ನನ್ನ ಒಂದು ಸಾಮಾನು ಅಂದ್ಕೋ."

ಮೆಂಗಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ತೂಕ?"

"ತೊಂಬತ್ತೊಂದು."

"ಒಟ್ಟಿಲಿಯಾ ಎಂಬತ್ತಾರು ಅಂದಿದ್ಲು."

"ನಿನ್ನೆ ಕಾಪುನ್ಸ್ ಮಾಡಿದ್ಲು."

"ಓ" ಎಂದಳು ಮೆಂಗಾ, ಅರ್ಥವಾದವಳಂತೆ. ಚಳಿಗಾಲಕ್ಕೆ ಮುಂಚೆ ಅವಳ ಚಿಮಣಿ ಗುಡಿಸಿಕೊಡುವುದು, ಇದು ಇಬ್ಬರ ಬಾಯಿಂದಲೂ ಹೊರಬೀಳಕೂಡದು ಎಂದು ಮಾತಾಯಿತು. ಉಪ್ಪಿನ ಗಟ್ಟಿಗಳ ಮೇಲೆ ಬಾಲ್ಜರ್, ಬಾಲ್ಜರನ ಮೇಲೆ ಸೈಕಲ್. ಮೋಟರು ಗುರ್ರೆಂದಿತು. ನೆಲ ಕೆಳಗೆ ಜಾರಿತು. ಹಾಯೆನಿಸಿತು.

ಆಗ ಊರಿನ ಚರ್ಚಿನಲ್ಲಿ ಹನ್ನೆರಡು ಬಡಿಯಿತು. ಮೋಟರು ನಿಂತಿತು. ಪೆಟ್ಟಿಗೆ ನೆಲದಿಂದ ಐದು ಮೀಟರ್ ಮೇಲೆ, ಶೆಡ್ಡಿನ ಹಿಂದಿನ ಗೊಬ್ಬರದ ಗುಂಡಿಯ ನೇರಕ್ಕೆ ನಿಂತು ತೂಗಾಡಿತು.

"ಮೆಂಗಾ! ನಾನಿದೀನಿ ಮೇಲೆ!"

"ಗೊತ್ತು ಕಣೋ, ಈಗಷ್ಟೇ ನಾನೇ ಹತ್ತಿಸಿದ್ನಲ್ಲ. ಹನ್ನೆರಡಾಯ್ತು. ಊಟದ ಹೊತ್ತು."

"ಐದು ನಿಮಿಷ ಓಡಿಸಿದ್ರೆ ಹಟ್ಟಿಗೇ ಹೋಗ್ಬಿಡ್ತೀನಿ!"

"ಇವತ್ತು ನಿನಗೆ ಐದು ನಿಮಿಷ ಕೊಟ್ರೆ ನಾಳೆ ಎಲ್ರೂ ಕೇಳ್ತಾರೆ. ಮಧ್ಯಾಹ್ನದ ಊಟ ಅಂದ್ರೆ ಊಟ. ಒಂದೂವರೆಗೆ ಬರ್ತೀನಿ." ಮೆಂಗಾ ಏಪ್ರನ್ ಬಿಚ್ಚುತ್ತ ಹೊರಟವಳು ಕರುಣೆಯಿಂದ ತಿರುಗಿದಳು. "ಹಸಿವಾದ್ರೆ ಹೇಳು, ಏನಾದ್ರೂ ಎಸೀತೀನಿ."

"ಊಟದ ಮಾತೆತ್ಬೇಡ!" ಎಂದು ಪೆಟ್ಟಿಗೆ ನರಳಿತು.

ಆ ಬೆಟ್ಟಗಳಲ್ಲಿ ಯುದ್ಧ ನಿಂತೀತು, ಹಿಮ ನಿಂತೀತು, ಮಧ್ಯಾಹ್ನದ ಊಟ ನಿಲ್ಲುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದ ಬಾಲ್ಜರ್ ಹನ್ನೊಂದೂ ಐವತ್ತೇಳಕ್ಕೆ ಪೆಟ್ಟಿಗೆ ಹತ್ತಿದ್ದು ಅವನದೇ ತಪ್ಪು. ಪರದೇಶಿಗಳಾದರೂ ಗಡಿಯಾರ ನೋಡುತ್ತಾರೆ.

ಅರ್ಧ ಗಂಟೆಯಾದ ಮೇಲೆ ಕೆಳಗಿನ ರಸ್ತೆಯಲ್ಲಿ ಒಂದು ಕಾರು ನಿಂತಿತು. ಇಳಿದವರು ಡೊಮೆನಿಗ್ ಮೇಷ್ಟ್ರು, ಸೈಕಲ್ ಸಂಘದ ಅಧ್ಯಕ್ಷರು. ಫೋನಿನಲ್ಲಿ ಮಾತಾಡುತ್ತ ನೇರವಾಗಿ ಪೆಟ್ಟಿಗೆಯ ಕೆಳಗಿನ ಗುಂಡಿಯ ಅಂಚಿಗೇ ಬಂದು ನಿಂತರು. ಬಾಲ್ಜರ್ ಉಪ್ಪಿನ ಗಟ್ಟಿಗಳ ನಡುವೆ ತಾನೂ ಒಂದು ಗಟ್ಟಿಯಾದ.

"ಇಲ್ಲಮ್ಮ ಒಟ್ಟಿಲಿಯಾ, ದಾರಿ ಉದ್ದಕ್ಕೂ ನೋಡಿದೆ, ಎಲ್ಲೂ ಸಿಗ್ಲಿಲ್ಲ. ಅಂದ್ರೆ ಎಷ್ಟು ಮೇಲೆ ಹೋಗ್ಬಿಟ್ಟಿರ್ಬೇಕು ನೋಡು! ಏನಂದೆ? ಮೇಲಿನ ತಿರುವಲ್ಲೂ ಕಾಣ್ತಿಲ್ವಾ? ಹಾಗಾದ್ರೆ ನಡುವೆ ಎಲ್ಲೋ ಇದಾನೆ. ಕಾಡುಮೇಕೆ ಕಣಮ್ಮ ನಿನ್ನ ಗಂಡ, ಕಾಡುಮೇಕೆ!"

ಆಗಲೇ ಮೇಲಿನಿಂದ, ಹನ್ನೊಂದನೆಯ ಕಾಪುನ್ಸಿನ ಕಡೆಯಿಂದ, ಒಂದು ದೀರ್ಘವಾದ ತೇಗು ಹೊರಟಿತು. ಕಣಿವೆ ಅದನ್ನು ಎರಡು ಸಲ ಮರುನುಡಿಯಿತು. ಮೇಷ್ಟ್ರು ತಲೆಯೆತ್ತಿ ನೋಡಿದರು.

"ಏನಿಲ್ಲ, ಯಾವುದೋ ಕರು ಸಾಗಿಸ್ತಿದಾರೆ. ಪಾಪ, ಅಮ್ಮನ್ನ ಕರೀತಿದೆ" ಎಂದು ಕಾರು ಹತ್ತಿ ಹೋದರು.

ಒಂದೂವರೆಗೆ ಸರಿಯಾಗಿ ಮೆಂಗಾ ಬಾಯೊರೆಸಿಕೊಳ್ಳುತ್ತ ಬಂದಳು. ಹಟ್ಟಿಯಿಂದ ಫೋನೂ ಬಂತು.

"ಮೇಲೆ ಗಾಳಿ ಎದ್ದಿದೆಯಂತೆ. ಗಾಳೀಲಿ ಪೆಟ್ಟಿಗೆ ಬಿಡೋ ಹಾಗಿಲ್ಲ. ಇಳಿಸ್ತೀನಿ, ತಡಿ."

ಐದು ಮೀಟರ್ ಮೇಲೆ, ಒಂದೂವರೆ ಗಂಟೆ ಅಲ್ಲೇ, ಐದು ಮೀಟರ್ ಕೆಳಗೆ. ಬಾಲ್ಜರ್ ಹತ್ತಿದ ಜಾಗದಲ್ಲೇ ಇಳಿದ. ಬಟ್ಟೆಯೆಲ್ಲ ಉಪ್ಪು. ಮುಂದೆ ಹನ್ನೊಂದು ಕಿಲೋಮೀಟರ್, ಇಪ್ಪತ್ತನಾಲ್ಕು ತಿರುವು, ಒಂದೂವರೆ ಗಂಟೆ.

ತುಳಿದ. ಬೇರೆ ದಾರಿಯಿರಲಿಲ್ಲ. ಒಂಬತ್ತನೆಯ ತಿರುವಿನ ಹುಲ್ಲುಗಾವಲಿನ ಹತ್ತಿರ ರಸ್ತೆಗೆ ಅಡ್ಡವಾಗಿ ಒಂದು ಕರು ಮಲಗಿತ್ತು. ಎದ್ದೀತೆಂದು ಬಾಲ್ಜರ್ ಬೆಲ್ ಬಾರಿಸಿದ. ಕರು ಎದ್ದು, ಅವನ ತೋಳಿನ ಉಪ್ಪನ್ನು ಮೂಸಿ, ನೆಕ್ಕತೊಡಗಿತು. ಊರವರೆಲ್ಲ ಅದೃಷ್ಟಕ್ಕೆ ಸವರುವ ತೋಳು; ಕರುವಿಗೂ ಇರಲೆಂದು ಅವನು ಸುಮ್ಮನಿದ್ದ. ಆದರೆ ಪರರ ಮೈ ನೆಕ್ಕುವ ಮಗುವನ್ನು ಯಾವ ತಾಯಿ ಸಹಿಸುತ್ತಾಳೆ? ದಿಬ್ಬದ ಮೇಲಿನಿಂದ ಆರುನೂರು ಕಿಲೋದ ತಾಯಿ ಬಾಲವೆತ್ತಿ, ತಲೆ ತಗ್ಗಿಸಿ ಹೊರಟಳು.

ಬಾಲ್ಜರನೂ ಹೊರಟ. ಹನ್ನೊಂದು ಕಾಪುನ್ಸಿನೊಳಗೆ ಅಡಗಿ ಕುಳಿತಿದ್ದ ಬಲವೆಲ್ಲ ಒಂದೇ ಸಲಕ್ಕೆ ಕಾಲಿಗಿಳಿಯಿತು. ಹತ್ತನೆಯ ತಿರುವು, ಹನ್ನೊಂದನೆಯ ತಿರುವು. ಬೆನ್ನ ಹಿಂದೆ ಗಂಟೆಯ ಢಣಢಣ. ರಸ್ತೆ ಸುತ್ತಿ ಬರುವಲ್ಲಿ ಹಸು ಹುಲ್ಲಿನ ಮೇಲೆ ನೇರ ಹತ್ತಿ ಬಂದು ಮುಂದಿನ ತಿರುವಿನಲ್ಲಿ ಕಾಯುತ್ತಿತ್ತು. "ತಾಯೀ, ನಾನೇನೂ ಮಾಡಿಲ್ಲ! ಅದೇ ನೆಕ್ಕಿದ್ದು!" ಎಂದು ಕೂಗುತ್ತ ಬಾಲ್ಜರ್ ಅದರ ಕೊಂಬಿನ ಮುಂದಿನಿಂದಲೇ ನುಸುಳಿದ. ಹದಿನಾಲ್ಕನೆಯ ತಿರುವಿನಲ್ಲಿ ಹಸು ನಿಂತಿತು. ಬಾಲ್ಜರ್ ನಿಲ್ಲಲಿಲ್ಲ. ಅದು ನಿಂತದ್ದು ಅವನಿಗೆ ಗೊತ್ತಾದದ್ದೇ ಇಪ್ಪತ್ತೆರಡನೆಯ ತಿರುವಿನಲ್ಲಿ. ಅಷ್ಟು ಹೊತ್ತಿಗೆ ಹೊಟ್ಟೆಯ ಪಂಚಾಯಿತಿ ಚದುರಿ, ಎದೆ ಹಗುರಾಗಿ, ಇಪ್ಪತ್ತೆರಡು ವರ್ಷದಲ್ಲಿ ಎಂದೂ ಕಾಣದ ಹುಮ್ಮಸ್ಸು ಬಂದಿತ್ತು.

ಮೂರಕ್ಕೆ ನಾಲ್ಕು ನಿಮಿಷವಿರುವಾಗ ನೆತ್ತಿ ಮುಟ್ಟಿದ. ತನ್ನ ಕಾಲಿನಿಂದ, ಪೂರಾ ತನ್ನದೇ ಕಾಲಿನಿಂದ. ಮೂವತ್ತೆಂಟು ಜನ ಟೋಪಿ ಹಾರಿಸಿದರು. ಬೆಟ್ಟದ ಸೀಮೆಯ ಉದ್ದನೆಯ ಮರದ ಕಹಳೆಯವರು ಊದಿದರು. ಒಟ್ಟಿಲಿಯಾ ಎಲ್ಲರ ಎದುರಿಗೇ ಮುದ್ದಿಟ್ಟು, ತುಟಿ ಒರೆಸಿಕೊಂಡು, "ಇದೇನು ಇಷ್ಟು ಉಪ್ಪು?" ಎಂದಳು.

"ಬೆವರು" ಎಂದ ಬಾಲ್ಜರ್. ಲಿನಾರ್ಡ್ ಗುಂಪಿನ ಹಿಂದಿನಿಂದ ಮೆಚ್ಚುಗೆಯಲ್ಲಿ ಹೆಬ್ಬೆರಳೆತ್ತಿದ.

ಹೋಟೆಲಿನೊಳಗೆ ಗಂಟೆಯನ್ನು ಇಳಿಸಿ ಮೇಜಿನ ಮೇಲಿಟ್ಟಿದ್ದರು. ಗಂಟೆ ಕೆತ್ತಲು ಘಾಟಿಯ ಆಚೆ ಕಣಿವೆಯಿಂದ ಅಟ್ಟೀಲಿಯೊ ಎಂಬ ಮುದುಕ ಬಂದಿದ್ದ. ದುರ್ಬೀನಿನವರು ಹಸುವಿನ ಓಟ ನೋಡಿ, "ಬಂದೇಬಿಟ್ಟ!" ಎಂದು ಕೂಗಿದ ಕೂಡಲೇ ಅವನು ಉಳಿ ಹಿಡಿದು ಬಾಲ್ಜರನ ಹೆಸರನ್ನೂ ಮುಂದೆ ನೂರು ಎಂಬ ಅಂಕಿಯನ್ನೂ ಕೆತ್ತಿ ಮುಗಿಸಿದ್ದ. ಸಂಪ್ರದಾಯದಂತೆ ಡೊಮೆನಿಗ್ ಮೇಷ್ಟ್ರು ಬಾಲ್ಜರನ ಮುದ್ರೆ ಪುಸ್ತಕ ತೆರೆದು ಹಿಂದಿನ ತೊಂಬತ್ತೊಂಬತ್ತನ್ನೂ ಗಟ್ಟಿಯಾಗಿ ಓದತೊಡಗಿದರು. ನಲವತ್ತು ಓದಿದರು. ನಲವತ್ತೊಂದು ಓದಿದರು.

"ಒಂದ್ನಿಮಿಷ, ಒಂದ್ನಿಮಿಷ" ಎಂದ ಅಟ್ಟೀಲಿಯೊ ಉಳಿಯನ್ನೆತ್ತಿ. "ಇದ್ರಲ್ಲೇನೋ ತಪ್ಪಿದೆ."

ಮುದುಕ ಬಾಲ್ಜರನ ಮುಖವನ್ನೇ ದಿಟ್ಟಿಸಿದ. ಮೆಂಗಾ ಬಾಯಿಬಿಟ್ಟಿದ್ದಾಳೆ, ಮುಗಿಯಿತು ಎಂದು ಬಾಲ್ಜರನಿಗೆ ಅನಿಸಿತು.

"ಐದೇ ಮೀಟರ್!" ಎಂದು ಅವನು ಕಿರುಚಿಬಿಟ್ಟ. "ಐದು ಮೀಟರ್ ಮೇಲೆ, ಐದು ಮೀಟರ್ ಕೆಳಗೆ! ಗೊಬ್ಬರದ ಗುಂಡಿ ಮೇಲೆ ಬರೀ ತೂಗಾಡ್ತಾ ಇದ್ದೆ!"

"ಯಾವ ಐದು ಮೀಟರ್?" ಎಂದಳು ಒಟ್ಟಿಲಿಯಾ.

ಇಂಥ ಹೊತ್ತಿನಲ್ಲಿ ಲಿನಾರ್ಡ್ ಸುಮ್ಮನಿರುವವನಲ್ಲ. "ನನ್ನ ಬಸ್ಸಂತೂ ಹತ್ತಿಲ್ಲ ಕಣಕ್ಕ! ಹತ್ತಬೇಕು ಅಂತ ಬೆಳಗ್ಗೆ ಆರಕ್ಕೆ ಫೋನ್ ಮಾಡಿದ್ದು ನಿಜ. ಆದ್ರೆ ಹತ್ತಿಲ್ಲ!"

ಎಲ್ಲವೂ ಹೊರಬಿತ್ತು: ಫೋನು, ಬಾಟಲಿ, ಉಪ್ಪಿನ ಗಟ್ಟಿ, ಕರುವಿನ ತೇಗು. ಬೇತ್ಲಾ ಅಜ್ಜಿ ಬೆಳಗ್ಗೆ ಸವರಿದ ತನ್ನ ಅಂಗೈಯನ್ನು ಅನುಮಾನದಿಂದ ನೋಡಿಕೊಂಡು ಲಂಗಕ್ಕೆ ಒರೆಸಿದಳು. ಇಪ್ಪತ್ತೆರಡು ವರ್ಷ ಒಂದು ಉಸಿರಿನಲ್ಲಿ ಹೋಯಿತೆಂದು ಬಾಲ್ಜರ್ ಬೆಂಚಿನ ಮೇಲೆ ಕುಸಿದ. ಡೊಮೆನಿಗ್ ಮೇಷ್ಟ್ರು ಕನ್ನಡಕ ತೆಗೆದರು, ಹಾಕಿದರು. ನಲವತ್ತು ವರ್ಷ ಗಣಿತ ಹೇಳಿದ ಮನುಷ್ಯ.

"ಐದು ಮೇಲೆ. ಐದು ಕೆಳಗೆ. ಹತ್ತಿದ ಜಾಗದಲ್ಲೇ ಇಳಿದಿದಾನೆ. ಬೇರೆ ಶಕ್ತಿಯಿಂದ ಒಟ್ಟು ಮೇಲೇರಿದ್ದು ಸೊನ್ನೆ. ನಮ್ಮ ನಿಯಮದಲ್ಲಿ ಸೊನ್ನೆಗೆ ಶಿಕ್ಷೆ ಇಲ್ಲ. ಉಳಿದದ್ದನ್ನ ಪೂರಾ ತುಳಿದು ಬಂದಿದ್ದನ್ನ ನಾವೇ ದುರ್ಬೀನಲ್ಲಿ ನೋಡಿದೀವಿ. ಘಾಟಿ ಊರ್ಜಿತ!"

ಟೋಪಿಗಳು ಮತ್ತೆ ಹಾರಿದವು. ಬಾಲ್ಜರ್ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು, ಈ ಸಲದ ಉಪ್ಪು ಅವನದೇ.

"ಅದೆಲ್ಲ ನನಗೆ ಗೊತ್ತಿರ್ಲಿಲ್ಲ" ಎಂದ ಅಟ್ಟೀಲಿಯೊ, ಗದ್ದಲ ಅಡಗಿದ ಮೇಲೆ. "ನಾನು ಹೇಳಿದ್ದು ಪುಸ್ತಕದ ತಪ್ಪು. ನಲವತ್ತೊಂದನೇದು ಇನ್ನೊಂದ್ಸಲ ಓದಿ."

"ತಾರ್ದಾ ಘಾಟಿ" ಎಂದು ಮೇಷ್ಟ್ರು ಓದಿದರು. "ಒಂಬತ್ತು ವರ್ಷದ ಹಿಂದೆ, ಸೆಪ್ಟೆಂಬರು."

"ನಮ್ಮ ಕಣಿವೇಲಿ ಇದನ್ನೇ ತಾರ್ದಾ ಅನ್ನೋದು."

"ಯಾವುದನ್ನ?"

"ಇದನ್ನ." ಅಟ್ಟೀಲಿಯೊ ಕಾಲಿನಿಂದ ನೆಲ ಕುಟ್ಟಿದ. "ನೀವು ಕೂತಿರೋದನ್ನ. ನೀವು ಲುಫ್ ಅಂತೀರಿ, ನಾವು ತಾರ್ದಾ ಅಂತೀವಿ. ಗಡಿಗಲ್ಲಿನ ಆಚೆ, ಇನ್ನೂರು ಹೆಜ್ಜೆ ದೂರದಲ್ಲಿ ನಂದೂ ಒಂದು ಹೋಟ್ಲಿದೆ. ಈ ಮುದ್ರೆ ಹಾಕಿದ್ದು ನಾನೇ." ಅವನು ಬಾಲ್ಜರನ ಹತ್ತಿರ ಬಂದು ಕತ್ತು ಓರೆಮಾಡಿ ನೋಡಿದ. "ಆಗಿಂದ ಎಲ್ಲೋ ನೋಡಿದೀನಿ ಅನ್ನಿಸ್ತಿತ್ತು. ಮಂಜಿನ ದಿನ ಒದ್ದೆಯಾಗಿ ಬಂದು ಮೂರು ಬಟ್ಟಲು ಬಾರ್ಲಿ ಸೂಪು ಕುಡಿದೋನು ನೀನೇ ಅಲ್ವೇನಯ್ಯ?"

ಬಾಲ್ಜರನಿಗೆ ನೆನಪಾಯಿತು. ಒಟ್ಟಿಲಿಯಾಳ ದೊಡ್ಡಮ್ಮನ ಮಗಳ ಮದುವೆಗೆಂದು ದೂರದ ಸುರಂಗದ ಮೂಲಕ ರೈಲಿನಲ್ಲಿ ಆ ಕಡೆಗೆ ಹೋಗಿದ್ದು, ಮದುವೆಯ ಮರುದಿನ ಸೆಲ್ವೆತ್ತಾ ಘಾಟಿ ಹತ್ತುತ್ತೇನೆಂದು ಹೊರಟದ್ದು, ಚಾಚಿದ ಕೈ ಕಾಣದ ಮಂಜಿನಲ್ಲಿ ಕವಲು ತಪ್ಪಿದ್ದು, ಯಾವುದೋ ನೆತ್ತಿ ಮುಟ್ಟಿ, ಮುದ್ರೆ ಹಾಕಿಸಿ, ಬಂದ ದಾರಿಯಲ್ಲೇ ಇಳಿದದ್ದು. ಹೆಸರು ಕೇಳಿದಾಗ ತಾರ್ದಾ ಎಂದಿದ್ದರು. ಹುಲ್ಲುಗಾವಲಿನ ಜಗಳದಿಂದ ಮುನ್ನೂರು ವರ್ಷ ಮಾತು ಬಿಟ್ಟಿದ್ದ ಕಣಿವೆಗಳವು; ಮದುವೆಗೂ ಕೆಲಸಕ್ಕೂ ಹೋಗಿಬರುವುದು ಈಚೆಗಷ್ಟೇ. ಆ ಕಡೆಯವರು ಇಟ್ಟ ಹೆಸರನ್ನು ಪ್ರಾಸುರಾದಲ್ಲಿ ಯಾರೂ ಕಿವಿಗೆ ಹಾಕಿಕೊಂಡವರಲ್ಲ, ನಾಲಿಗೆಗೂ ತಂದವರಲ್ಲ.

"ಅಂದ್ರೆ" ಎಂದರು ಮೇಷ್ಟ್ರು, ನಿಧಾನವಾಗಿ, "ಒಂದೇ ಘಾಟಿ ಎರಡು ಸಲ. ಇವತ್ತಿನದು ಲೆಕ್ಕಕ್ಕಿಲ್ಲ. ತೊಂಬತ್ತೊಂಬತ್ತೇ."

ಎಲ್ಲರ ದೃಷ್ಟಿಯೂ ಗಂಟೆಯ ಮೇಲೆ ಬಿತ್ತು. ಹೊಸದಾಗಿ ಕೆತ್ತಿದ ಅಕ್ಷರಗಳು ಫಳಫಳ ಹೊಳೆಯುತ್ತಿದ್ದವು.

"ಅಳಿಸೋಕಾಗಲ್ವಾ?" ಎಂದು ಬೇತ್ಲಾ ಅಜ್ಜಿ ಕೇಳಿದಳು.

"ಕಂಚು ಕಣಮ್ಮ ಇದು. ಕೆತ್ತಿದ್ದು ಕೆತ್ತಿದ ಹಾಗೆ" ಎಂದ ಅಟ್ಟೀಲಿಯೊ.

"ಸಂಘದ ಗಂಟೆ ಮೇಲೆ ಸುಳ್ಳಿರೋ ಹಾಗಿಲ್ಲ" ಎಂದರು ಮೇಷ್ಟ್ರು.

ಎಲ್ಲರೂ ಯೋಚಿಸಿದರು. ಊರಿಗೆ ಊರೇ ಒಬ್ಬನ ಒಳಿತಿಗಾಗಿ ಯೋಚಿಸತೊಡಗಿದರೆ ಆ ಒಬ್ಬ ಓಡಿಹೋಗುವುದು ಕ್ಷೇಮ. ಆದರೆ ಬಾಲ್ಜರನ ಕಾಲಲ್ಲಿ ಅಷ್ಟು ಉಳಿದಿರಲಿಲ್ಲ.

"ಅವತ್ತು ತಪ್ಪಿಹೋದ ಸೆಲ್ವೆತ್ತಾ ಹಾಗೇ ಇದೆಯಲ್ಲ" ಎಂದ ಅಟ್ಟೀಲಿಯೊ ಉತ್ಸಾಹದಿಂದ. "ಇಲ್ಲಿಂದ ನಮ್ಮ ಕಡೆ ಒಂಬತ್ತು ಕಿಲೋಮೀಟರ್ ಇಳಿದು, ಕವಲಲ್ಲಿ ಎಡಕ್ಕೆ ತಿರುಗಿ ಹದಿಮೂರು ಹತ್ತಿದ್ರೆ ಆಯ್ತು."

"ಗಂಟೆ ಮೂರೂವರೆ. ಎಂಟೂವರೆವರೆಗೂ ಬೆಳಕಿರುತ್ತೆ" ಎಂದು ಮೇಷ್ಟ್ರು ಲೆಕ್ಕ ಹಾಕಿದರು.

"ನಾವೆಲ್ಲ ಹಿಂದೆಯೇ ಬಸ್ಸಲ್ಲಿ ಬರ್ತೀವಿ ಭಾವ" ಎಂದ ಲಿನಾರ್ಡ್. "ಒಂದು ಗಳಿಗೆನೂ ಕಣ್ಣು ತೆಗೆಯಲ್ಲ. ಇನ್ಮೇಲೆ ನಿನ್ನ ಮೇಲೆ ಯಾರೂ ಅನುಮಾನ ಪಡಬಾರದು, ಅದು ನನ್ನ ಜವಾಬ್ದಾರಿ."

ಬಾಲ್ಜರ್ ಕೊನೆಯ ಆಸರೆಯೆಂದು ಹೆಂಡತಿಯ ಕಡೆ ನೋಡಿದ. ಫೋನಿನ ಸುದ್ದಿಯನ್ನು ಒಟ್ಟಿಲಿಯಾ ಇನ್ನೂ ಜೀರ್ಣಿಸಿಕೊಂಡಿರಲಿಲ್ಲ. ಅವನ ಹೆಲ್ಮೆಟ್ ಎತ್ತಿ ತಲೆಗೆ ಹಾಕಿ, ಗಲ್ಲದ ಪಟ್ಟಿಯನ್ನು ಬೇಕಾದದ್ದಕ್ಕಿಂತ ಒಂದು ರಂಧ್ರ ಹೆಚ್ಚು ಬಿಗಿದಳು.

ಗಡಿಗಲ್ಲು ದಾಟಿದೊಡನೆ ರಸ್ತೆ ಕೆಳಗೆ ಬಾಗಿತು. ಸೈಕಲ್ ತಾನಾಗಿ ಓಡತೊಡಗಿತು, ತಂಗಾಳಿ ಮುಖಕ್ಕೆ ಬೀಸಿತು, ಕಣಿವೆಯ ತಳ ಹಸಿರು ಬಟ್ಟಲಿನಂತೆ ತೆರೆದುಕೊಂಡಿತು. ಎದುರಿನಿಂದ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದ ಸೈಕಲ್ಲಿನವನೊಬ್ಬ ಹೊಟ್ಟೆಕಿಚ್ಚಿನಿಂದ, "ಪುಣ್ಯವಂತ ಕಣಯ್ಯ ನೀನು, ಬರೀ ಇಳಿಜಾರು!" ಎಂದು ಕೂಗಿದ. ಬಾಲ್ಜರ್ ಎರಡೂ ಬ್ರೇಕುಗಳನ್ನು ಬಿಗಿಯಾಗಿ ಹಿಡಿದು, ಕೈಜಾರುತ್ತಿರುವ ಎತ್ತರದ ಒಂದೊಂದು ಮೀಟರನ್ನೂ ಕಣ್ಣೀರಿನಿಂದ ನೋಡುತ್ತ ಇಳಿಯುತ್ತಿದ್ದ.